ಗಾಳಿ ಪಕ್ಷ, ಕರೆಂಟು ಪಕ್ಷ

ಭಾನುವಾರ ಬೆಳಿಗ್ಗೆ ಯಲಹಂಕದ ಹೋಟೆಲೊಂದರ ಮುಂದೆ ಸೊಂಟದೆತ್ತರದ ಚಕ್ರಗಳ ಜೀಪುಗಳು ಸಾಲಾಗಿ ನಿಂತಿದ್ದರೆ, ಒಳಗೆ ತಟ್ಟೆ ಇಡ್ಲಿ ಮುರಿಯುತ್ತ ಕೂತವರಲ್ಲಿ ನಮ್ಮ ಯಜಮಾನರೂ ಒಬ್ಬರು ಎಂದು ತಿಳಿಯಿರಿ. ಗಾಡಿಗಳ ತಲೆಯ ಮೇಲೆ ದೀಪದ ಸಾಲು, ಮುಂದೆ ಕಬ್ಬಿಣದ ಬಂಪರು, ಬೆನ್ನಿಗೆ ಗುದ್ದಲಿ, ಹಗ್ಗ, ಸರಪಳಿ. ನೋಡಿದವರು ಇವರೆಲ್ಲ ಹಿಮಾಲಯಕ್ಕೇ ಹೊರಟರು ಅಂದುಕೊಳ್ಳಬೇಕು. ಹೋಗುವುದು ಹೆಸರಘಟ್ಟದವರೆಗೆ. ಅಲ್ಲೆಲ್ಲೋ ಒಂದಿಷ್ಟು ಕೆಸರು ಹುಡುಕಿ, ಅದರಲ್ಲಿ ಗಾಡಿ ಇಳಿಸಿ, ಫೋಟೊ ತೆಗೆದು, ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಮನೆಗೆ ವಾಪಸು. ಆ ಕೆಸರನ್ನು ಮಾತ್ರ ವಾರವಿಡೀ ತೊಳೆಯುವುದಿಲ್ಲ. ಅಕ್ಕಪಕ್ಕದವರು ನೋಡಬೇಕಲ್ಲ!

ನನಗೆ ಈ ಗುಂಪನ್ನು ಕಂಡರೆ ತಾತ್ಸಾರ. ಮುಚ್ಚಿಡುವುದೇನೂ ಇಲ್ಲ, ಅವರಿಗೂ ಗೊತ್ತು. ಆರ್.ಟಿ. ನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಹದಿಮೂರು ವರ್ಷದ ಮಕ್ಕಳೂ ಎರಡು ವಸ್ತುಗಳನ್ನು ಹೋಲಿಸುವ ಮೊದಲು ಉಳಿದದ್ದೆಲ್ಲ ಒಂದೇ ಥರ ಇರಬೇಕು ಎಂದು ಒಪ್ಪುತ್ತಾರೆ. ಈ ಗಡ್ಡ ನರೆತ ಗಂಡಸರು ಒಪ್ಪುವುದಿಲ್ಲ.

ಇವರ ಜಗಳ ಲಾಕರ್ ಬಗ್ಗೆ. ಚಿನ್ನ ಇಡುವ ಲಾಕರ್ ಅಲ್ಲ. ಗಾಡಿಯ ಎಡ ಬಲ ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗಂಟೊಂದು ಇರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು, ಒಳಗಿನದು ಕಡಿಮೆ ಸುತ್ತಲಿ ಅಂತ ಅದರ ಏರ್ಪಾಟು. ರಸ್ತೆಯಲ್ಲಿ ಅದು ಒಳ್ಳೆಯದೇ. ಆದರೆ ಹಳ್ಳದಲ್ಲೋ ಬಂಡೆಯ ಮೇಲೋ ಒಂದು ಚಕ್ರ ನೆಲ ಬಿಟ್ಟರೆ ಮುಗಿಯಿತು, ಇಂಜಿನ್ನಿನ ಶಕ್ತಿಯೆಲ್ಲ ಗಾಳಿಯಲ್ಲಿ ಸುಮ್ಮನೆ ಸುತ್ತುವ ಆ ಚಕ್ರದಲ್ಲೇ ಪೋಲಾಗುತ್ತದೆ. ಮನೆಯಲ್ಲಿ ದುಡಿಯದವನ ತಟ್ಟೆಗೇ ಎರಡು ಮುದ್ದೆ ಬಿದ್ದ ಹಾಗೆ. ಆಗ ಎರಡು ಚಕ್ರಗಳನ್ನೂ ಗಂಟು ಹಾಕಿ ಒಟ್ಟಿಗೆ ಸುತ್ತಿಸುವ ಸಾಧನವೇ ಲಾಕರ್. ಅದರಲ್ಲಿ ಎರಡು ಜಾತಿ. ಒಂದನ್ನು ಸಣ್ಣ ಕಂಪ್ರೆಸರ್ ಇಟ್ಟು ಗಾಳಿಯ ಒತ್ತಡದಿಂದ ಹಾಕುತ್ತಾರೆ. ಇನ್ನೊಂದಕ್ಕೆ ಕರೆಂಟು ಕೊಟ್ಟರೆ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ತಾನೇ ಬಿಗಿಯುತ್ತದೆ.

ಇಷ್ಟೇ. ಇಷ್ಟಕ್ಕೆ ಇವರ ಜೀಪ್ ಕ್ಲಬ್ಬು ಎರಡು ಹೋಳಾಗಿತ್ತು. ಗಾಳಿ ಪಕ್ಷದ ಮುಖಂಡರು ಕ್ಲಬ್ಬಿನ ಅಧ್ಯಕ್ಷರು. ಹೆಬ್ಬಾಳದ ಕಡೆ ಕಲ್ಯಾಣ ಮಂಟಪ ಇಟ್ಟಿರುವವರು, ಮೈಕಿಲ್ಲದೆ ಮಾತಾಡಿದರೂ ಮೈಕಿನಲ್ಲಿ ಮಾತಾಡಿದ ಹಾಗೆ. ಕರೆಂಟು ಪಕ್ಷಕ್ಕೆ ನಮ್ಮ ಯಜಮಾನರು. ಅವರದು ಟೈಲ್ಸ್ ಅಂಗಡಿ. ಗಿರಾಕಿ ಬಾತ್‌ರೂಮಿನ ಟೈಲ್ಸ್ ಕೇಳಿದರೆ ಲಾಕರ್ ಬಗ್ಗೆ ಹೇಳಿ ಕಳಿಸುವಷ್ಟು ಅದರ ಹುಚ್ಚು.

"ಗಾಳಿ ಪೈಪು ಅಂದ್ರೆ ಬರೀ ಪ್ಲಾಸ್ಟಿಕ್ ಕೊಳವೆ ಕಣ್ರೀ, ಸೈಲೆನ್ಸರ್ ಬಿಸಿಗೆ ಕರಗತ್ತೆ, ಕಲ್ಲಿಗೆ ಸವೆಯತ್ತೆ. ರಬ್ಬರ್ ರಿಂಗ್ ಹೋದ್ರೆ ಎಣ್ಣೆ ಎಲ್ಲ ಆಚೆ" ಎಂದು ಇವರು.

"ನಿಮ್ ವೈರಿಗೆ ಒಂದ್ ಹನಿ ನೀರ್ ಬಿದ್ರೆ ಸಾಕು ಗುರು, ಢಮಾರ್. ಗಾಳಿ ಹೋದ್ರೆ ಸೌಂಡ್ ಬರತ್ತೆ, ಗೊತ್ತಾಗತ್ತೆ. ಕರೆಂಟ್ ಹೋದ್ರೆ ಸೌಂಡೂ ಇಲ್ಲ, ಸುಳಿವೂ ಇಲ್ಲ" ಎಂದು ಅವರು.

ಇಬ್ಬರು ಹೇಳುವುದೂ ನಿಜ. ಅದೇ ಇದರಲ್ಲಿನ ದೊಡ್ಡ ತಮಾಷೆ. ಕೊಳವೆ ಸವೆದಿದೆಯೇ ಎಂದು ಬಗ್ಗಿ ನೋಡುವವನಿಗೆ ಗಾಳಿಯದು ಬಾಳುತ್ತದೆ, ವೈರು ಸೇರುವ ಕನೆಕ್ಟರಿಗೆ ಗ್ರೀಸು ಹಚ್ಚಿ ಮುಚ್ಚುವವನಿಗೆ ಕರೆಂಟಿನದು ಬಾಳುತ್ತದೆ. ಬಗ್ಗುವುದೇ ಇಲ್ಲದವನಿಗೆ ಎರಡೂ ಕೈ ಕೊಡುತ್ತವೆ. ಒಮ್ಮೆ ಅವರ ಮುಂದೆಯೇ ಕೇಳಿದ್ದೆ, "ಒಂದೇ ಗಾಡಿಗೆ, ಒಂದೇ ಏರಿನಲ್ಲಿ, ಒಬ್ಬರೇ ಡ್ರೈವರ್ ಇಟ್ಟು ಎರಡನ್ನೂ ನೋಡಿದ್ದೀರಾ ಯಾರಾದರೂ?" ಅಧ್ಯಕ್ಷರು ನಕ್ಕು, "ಮೇಡಂ, ಇದು ಸ್ಕೂಲ್ ಲ್ಯಾಬ್ ಅಲ್ಲ" ಅಂದರು. ಅಲ್ಲ ಎನ್ನುವುದು ನನಗೂ ಕಾಣುತ್ತಿತ್ತು. ಲ್ಯಾಬಿನಲ್ಲಿ ಅಷ್ಟು ಮಂದಿ ಕೆಲಸವಿಲ್ಲದೆ ಕೂರುವುದಿಲ್ಲ.

ಈ ಗುಂಪಿನಲ್ಲಿ ಗಾಡಿಯ ಅಡಿಗೆ ಬಗ್ಗಿ ನೋಡುತ್ತಿದ್ದವಳು ನನ್ನ ಮಗಳೊಬ್ಬಳೇ. ಯಶವಂತಪುರದ ಆಚೆ ಒಂದು ಕಾರ್ಖಾನೆಯಲ್ಲಿ ಗಾಡಿ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸ ಅವಳದು. ಜೀಪು ಓಡಿಸುವುದನ್ನು ಅಪ್ಪನೇ ಕಲಿಸಿದ್ದು, ಅದನ್ನು ಇಲ್ಲವೆನ್ನುವುದಿಲ್ಲ. ಕಲಿತವಳು ಕಲಿಸಿದವರನ್ನು ಮೀರಿಸಿದಳು, ಅದನ್ನು ಮಾತ್ರ ಆ ಮಹಾನುಭಾವರು ಯಾವತ್ತೂ ಬಾಯಿ ಬಿಟ್ಟು ಹೇಳಲಿಲ್ಲ. ಕ್ಲಬ್ಬಿನಲ್ಲಿ ಅವಳಿಗೆ ಸಿಗುತ್ತಿದ್ದ ಕೆಲಸ ಹಗ್ಗ ಸುತ್ತುವುದು, ವಿಡಿಯೊ ಮಾಡುವುದು, "ಲೆಫ್ಟ್ ಬನ್ನಿ ಅಂಕಲ್, ಇನ್ನೂ ಲೆಫ್ಟ್" ಎಂದು ದಾರಿ ತೋರಿಸುವುದು. ಹಾಗೆ ಅವಳ ಕೈಯಿಂದ ದಾರಿ ತೋರಿಸಿಕೊಂಡು ಹತ್ತಿದವರೇ ಆಮೇಲೆ ಮೀಸೆ ತಿರುವುತ್ತಿದ್ದರು.

ದೀಪಾವಳಿಯ ನಂತರ ಚಿಕ್ಕಮಗಳೂರಿನ ಕಡೆ ಪ್ರತಿವರ್ಷ ಒಂದು ಸ್ಪರ್ಧೆ ನಡೆಯುತ್ತದೆ. ಪ್ರತಿ ಕ್ಲಬ್ಬಿನಿಂದ ಒಂದು ಗಾಡಿ, ಒಬ್ಬ ಡ್ರೈವರ್. ನಮ್ಮ ಕ್ಲಬ್ಬಿನವರು ಹೋದಾಗಲೆಲ್ಲ ಅಧ್ಯಕ್ಷರೇ ಸ್ಟೀರಿಂಗ್ ಹಿಡಿದು, ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಬಂದಿದ್ದರು. ಆ ವರ್ಷ ನನ್ನ ಮಗಳು ಅಪ್ಪನ ಎದುರು ನಿಂತು, "ಈ ಸಲ ನಾನು ಓಡಿಸ್ತೀನಿ ಅಪ್ಪ" ಅಂದಳು. ಅವಳು ಏನನ್ನೂ ಹಾಗೆ ಕೇಳುವವಳಲ್ಲ. ಕೇಳುವಾಗ ಅವಳ ಕಿವಿ ಕೆಂಪಗಾಗಿತ್ತು. ಯಜಮಾನರು ಕ್ಲಬ್ಬಿನಲ್ಲಿ ಮಾತಾಡಿ ಬಂದರು. ಚಿಕ್ಕಜಾಲದಿಂದ ಒಳಗೆ ಕೆಲಸ ನಿಂತ ಒಂದು ಕಲ್ಲಿನ ಕ್ವಾರಿ ಇದೆ, ಮಾಲೀಕರು ಅಧ್ಯಕ್ಷರ ಪರಿಚಯದವರು. ಆಯುಧಪೂಜೆಯ ನಂತರದ ಭಾನುವಾರ ಅಲ್ಲಿನ ಕಡಿದಾದ ಏರನ್ನು ಯಾರು ಹತ್ತಿಸುತ್ತಾರೋ ಅವರೇ ಡ್ರೈವರ್ ಎಂದು ತೀರ್ಮಾನವಾಗಿತ್ತು. "ನಂದೇ ಗಾಡಿ ಕೊಡ್ತೀನಿ. ಹತ್ತಿಸಿದ್ರೆ ಸೀಟು ನಿಂದೇ. ಇದು ನನ್ ಮಾತು" ಎಂದು ಮಗಳ ತಲೆಯ ಮೇಲೆ ಕೈಯಿಟ್ಟರು. ನನಗೂ ಆ ಗಳಿಗೆಯಲ್ಲಿ ಅವರ ಮೇಲೆ ಒಂದಿಷ್ಟು ಪ್ರೀತಿ ಬಂತು, ಸುಳ್ಳೇಕೆ ಹೇಳಲಿ.

ಆಯುಧಪೂಜೆ ಬಂತು. ನಮ್ಮ ಕಡೆ ಆವತ್ತು ಸೈಕಲ್ಲಿನಿಂದ ಲಾರಿಯವರೆಗೆ ಎಲ್ಲಕ್ಕೂ ಸ್ನಾನ, ಎಲ್ಲಕ್ಕೂ ಕುಂಕುಮ. ನನಗೆ ಅದರ ಮೇಲೆ ಗೌರವವಿದೆ, ಅನ್ನ ಕೊಡುವುದಕ್ಕೆ ಕೈ ಮುಗಿಯುವುದರಲ್ಲಿ ತಪ್ಪೇನಿದೆ? ತಪ್ಪು ಇವರ ಅತಿಯಲ್ಲಿ. ವರ್ಷವೆಲ್ಲ ಕೆಸರು ಹೊತ್ತು ಮೆರೆದ ಗಾಡಿಯನ್ನು ಯಜಮಾನರು ವಾಟರ್ ಸರ್ವೀಸಿಗೆ ಒಯ್ದು, ಲಿಫ್ಟಿನ ಮೇಲೆ ಎತ್ತಿಸಿ, ಅಡಿಯಿಂದ ಒತ್ತಡದ ನೀರು ಹೊಡೆಸಿದರು.

"ಅಪ್ಪ, ಹಿಂದಿನ ಆಕ್ಸಲ್ಲಿಗೆ ಹೊಡಿಸ್ಬೇಡಿ, ಕನೆಕ್ಟರ್ ಒಳಗೆ ನೀರು ಹೋಗತ್ತೆ" ಎಂದಳು ಮಗಳು.

"ಹಬ್ಬದ ದಿನ ಅಪಶಕುನ ನುಡೀಬೇಡ. ಅಲ್ಲೇ ಅಲ್ವೇನೇ ಲಾಕರ್ ಇರೋದು? ಪೂಜೆ ಆಗ್ಬೇಕಾಗಿರೋದೇ ಅದಕ್ಕೆ, ಅದನ್ನೇ ತೊಳೀದೆ ಬಿಡ್ಲಾ?"

ಅಲ್ಲಿಂದ ಎಲ್ಲರೂ ಅಧ್ಯಕ್ಷರ ಕಲ್ಯಾಣ ಮಂಟಪದ ಅಂಗಳದಲ್ಲಿ ಸೇರಿ ಸಾಮೂಹಿಕ ಪೂಜೆ. ಅಧ್ಯಕ್ಷರು ಬಾನೆಟ್ ತೆರೆದು ತಮ್ಮ ಕಂಪ್ರೆಸರಿಗೆ ಗಂಧ ಕುಂಕುಮ ಹಚ್ಚುತ್ತ ಹಚ್ಚುತ್ತ, ಅದು ಉಸಿರು ಎಳೆದುಕೊಳ್ಳುವ ಸ್ಪಂಜಿನ ಮೂತಿಗೇ ದಪ್ಪನೆಯ ಬೊಟ್ಟಿಟ್ಟರು. ಅಷ್ಟಕ್ಕೆ ಬಿಟ್ಟರೇ? ಮಂಗಳಾರತಿ ಹೊತ್ತಿಗೆ ಅದನ್ನು ಆನ್ ಮಾಡಿ, "ಇದೇ ನಮ್ ಶಂಖ" ಅಂದರು. ಅದು ಗರ್ರೋ ಎನ್ನುತ್ತ ಗಂಧ, ಕುಂಕುಮ, ಸಾಂಬ್ರಾಣಿ ಹೊಗೆ ಎಲ್ಲವನ್ನೂ ಹೊಟ್ಟೆಗೆ ಎಳೆದುಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇತ್ತ ಯಜಮಾನರು ನಮ್ಮ ಗಾಡಿಯ ಹಿಂದೆ ನೆಲಕ್ಕೆ ಮಲಗಿ, ಡಿಫರೆನ್ಷಿಯಲ್ಲಿನ ಗುಂಡನೆಯ ಉಬ್ಬಿಗೆ ವಿಭೂತಿ ಬಳಿದು, ತೆಂಗಿನಕಾಯಿ ಒಡೆದ ನೀರನ್ನೂ ಅದರ ಮೇಲೇ ಪ್ರೋಕ್ಷಣೆ ಮಾಡಿದರು. ವೈರು ಒಳಗೆ ಹೋಗುವ ಜಾಗಕ್ಕೇ ಮೊದಲ ಧಾರೆ. ದೇವರು ಯಾವ ಪಕ್ಷಕ್ಕೂ ಅನ್ಯಾಯ ಮಾಡಲಿಲ್ಲ.

ಆಮೇಲೆ ಆ ಗಾಡಿ ಮಗಳ ಕೈಗೆ ಸಿಗಲಿಲ್ಲ. ಅವಳು ಕಾರ್ಖಾನೆಗೆ ಹೋಗುತ್ತಿದ್ದಳು, ಇವರು ಹೂವಿನ ಹಾರದ ಸಮೇತ ಜೀಪನ್ನು ಅಂಗಡಿ ಮುಂದೆ ನಿಲ್ಲಿಸಿಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರು. ಭಾನುವಾರ ಕ್ವಾರಿಯಲ್ಲಿ ಇಳಿದ ಕೂಡಲೇ ಅವಳು ಕೇಳಿದ್ದು ಒಂದೇ ಮಾತು, "ಕನೆಕ್ಟರ್ ಬಿಚ್ಚಿ ನೋಡಿದ್ರಾ ಅಪ್ಪ?" ಅವರು ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿದರು. ಕೆಂಪು ದೀಪ ಹತ್ತಿತು. "ನೋಡು, ಲೈಟ್ ಉರೀತಿದೆ. ಇನ್ನೇನು ಬಿಚ್ಚೋದು?" ಆ ದೀಪ ಹಾಕಿಸಿದ್ದೂ ಅವರೇ. ಲಾಕರಿನಿಂದ ವೈರು ಎಳೆಯುವ ತಾಪತ್ರಯ ಯಾಕೆ ಎಂದು ಸ್ವಿಚ್ಚಿಗೇ ಸೇರಿಸಿ ಬಿಟ್ಟಿದ್ದರು. ಸ್ವಿಚ್ ಒತ್ತಿದರೆ ದೀಪ ಉರಿಯುತ್ತದೆ, ಅಷ್ಟೆ. ಹಿಂದೆ ಲಾಕರ್ ಬಿಗಿಯಿತೋ ಬಿಟ್ಟಿತೋ ಅದಕ್ಕೆ ಗೊತ್ತಿಲ್ಲ.

ಮೊದಲು ಅಧ್ಯಕ್ಷರು. ಏರಿನ ಮಧ್ಯದಲ್ಲಿ ಒಂದು ಬಂಡೆ, ಪಕ್ಕದಲ್ಲಿ ಹಳ್ಳ. ಅಲ್ಲಿ ಯಾವ ಗಾಡಿಯ ಚಕ್ರವಾದರೂ ನೆಲ ಬಿಡಲೇಬೇಕು. ಅವರು ಕಂಪ್ರೆಸರ್ ಆನ್ ಮಾಡಿದರು. ಅದು ಕೆಮ್ಮಿತು, ನರಳಿತು, ಬಿಸಿಯಾಗಿ ತಾನೇ ನಿಂತಿತು. ಸ್ಪಂಜಿನ ಮೇಲಿನ ಗಂಧ ಕುಂಕುಮ ಒಣಗಿ ಗಾರೆಯಾಗಿತ್ತು. ಗಾಳಿ ತುಂಬದೆ ಲಾಕರ್ ಬಿಗಿಯಲಿಲ್ಲ, ಒಂದು ಚಕ್ರ ಬುಗುರಿಯ ಹಾಗೆ ಸುತ್ತಿತು, ಗಾಡಿ ಜಾರಿ ಕೆಳಗೆ ಬಂತು. "ಕಲ್ಲು ಸರಿಯಿಲ್ಲ ಗುರು ಇವತ್ತು, ತುಂಬಾ ಡಸ್ಟು" ಎಂದರು ಇಳಿದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯನ್ನು ಹೆಂಗಸಿನ ಮೇಲೆ ಯಾರು ಕಟ್ಟಿದರೋ, ಅವರು ನಮ್ಮ ಅಧ್ಯಕ್ಷರನ್ನು ನೋಡಿರಲಿಲ್ಲ.

ಆಮೇಲೆ ನನ್ನ ಮಗಳು. ನಾನು ಕೆಳಗೆ ಚಿತ್ರಾನ್ನದ ಡಬ್ಬಿ ಹಿಡಿದು ನಿಂತಿದ್ದೆ. ಗಾಡಿ ಬಂಡೆಯವರೆಗೆ ನಿಧಾನವಾಗಿ ಹೋಯಿತು. ಹಿಂದಿನ ಎಡ ಚಕ್ರ ಎದ್ದು ಸುಮ್ಮನೆ ಸುತ್ತಿತು. ನಿಂತಿತು. ಹೋಯಿತು ಎಂದು ನಾನು ಕಣ್ಣು ಮುಚ್ಚುವಷ್ಟರಲ್ಲಿ ಆ ಚಕ್ರ ಒಂಚೂರು ಬಿಗಿಯಿತು, ಆಚೆಯ ಚಕ್ರ ನೆಲವನ್ನು ಹಿಡಿಯಿತು. ಗಾಡಿ ಅಂಗುಲ ಅಂಗುಲವಾಗಿ ಬಂಡೆಯ ಮೇಲೆ ಏರಿ, ಒಮ್ಮೆ ಕುಲುಕಿ, ತುದಿ ಮುಟ್ಟಿತು. ಅಯ್ಯೋ ನನ್ನ ಕಂದಾ! ಡಬ್ಬಿ ಕೆಳಗಿಟ್ಟು ಕೂಗಿಯೇ ಬಿಟ್ಟೆ.

ನನಗಿಂತ ಜೋರಾಗಿ ಕೂಗಿದವರು ನಮ್ಮ ಯಜಮಾನರು. "ನೋಡಿದ್ರಾ! ನೋಡಿದ್ರಾ ಎಲೆಕ್ಟ್ರಿಕ್ಕು! ಹೇಳಿರ್ಲಿಲ್ವಾ ನಾನು?" ಕರೆಂಟು ಪಕ್ಷದವರೆಲ್ಲ ಅವರನ್ನೇ ತಬ್ಬಿಕೊಂಡರು. ಹತ್ತಿಸಿದವಳು ಇನ್ನೂ ಮೇಲಿದ್ದಳು. ಅಧ್ಯಕ್ಷರೂ ಒಲ್ಲದ ಮನಸ್ಸಿನಿಂದ, "ಸರಿಯಪ್ಪ, ಎಲೆಕ್ಟ್ರಿಕ್ ಗೆಲ್ತು. ಅದಿದ್ರೆ ಯಾರ್ ಬೇಕಾದ್ರೂ ಹತ್ತಿಸ್ಬೋದು" ಅಂದರು.

ಮಗಳು ಹಿಂದಿನ ಮಣ್ಣುದಾರಿಯಿಂದ ಸುತ್ತಿ ಇಳಿದು ಬಂದಳು. ಆಗ ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸೀಟು ಅವಳದಾಗುತ್ತಿತ್ತು. ಆದರೆ ಅವಳ ಕೆಲಸವೇ ಯಾವುದು ಕೆಟ್ಟಿದೆ ಎಂದು ಹೇಳುವುದು. "ಲಾಕರ್ ಬಿಗಿದೇ ಇಲ್ಲ ಅಪ್ಪ" ಅಂದಳು. "ಚಕ್ರ ಸುತ್ತಿದ್ದು ನೋಡ್ಲಿಲ್ವಾ? ಎಡಗಾಲಲ್ಲಿ ಬ್ರೇಕ್ ಸ್ವಲ್ಪ ಹಿಡಿದೆ, ಸುಮ್ನೆ ಸುತ್ತೋ ಚಕ್ರಾನ ಅದು ತಡೀತು, ಶಕ್ತಿ ಆಚೆ ಚಕ್ರಕ್ಕೆ ಹೋಯ್ತು." ಯಾರೂ ನಂಬಲಿಲ್ಲ, ಲೈಟ್ ಉರೀತಿತ್ತಲ್ಲ ಎಂದರು. ಅವಳು ಗಾಡಿಯ ಅಡಿ ನುಗ್ಗಿ ಕನೆಕ್ಟರ್ ಎಳೆದು ತೋರಿಸಿದಳು. ಒಳಗಿನ ಹಿತ್ತಾಳೆಯ ಪಿನ್ನುಗಳೆಲ್ಲ ಪಾಚಿ ಬಣ್ಣಕ್ಕೆ ತಿರುಗಿದ್ದವು, ಒಂದು ಮುರಿದು ಅವಳ ಬೆರಳಿಗೇ ಬಂತು. "ವಾಟರ್ ಸರ್ವೀಸಲ್ಲಿ ನೀರು ಹೋಗಿದೆ. ತೆಂಗಿನಕಾಯಿ ನೀರೂ ಸೇರಿದೆ."

ಎಲ್ಲರೂ ಕತ್ತು ಚಾಚಿ ಆ ಪಿನ್ನನ್ನೇ ನೋಡಿದರು. ಈಗಲಾದರೂ ಈ ಮೂಢರ ತಲೆಗೆ ಹೋಯಿತು ಎಂದುಕೊಂಡೆ. ಎಲ್ಲಿ ಹೋಗುತ್ತದೆ? ಮೊದಲು ಗಾಳಿ ಪಕ್ಷದಲ್ಲಿ ಒಬ್ಬ ನಕ್ಕ. ಆಮೇಲೆ ಅಧ್ಯಕ್ಷರು ಎದೆ ಸೆಟೆದರು. "ನಾನೇನ್ ಹೇಳಿದ್ದೆ? ಸೌಂಡೂ ಇಲ್ಲ, ಸುಳಿವೂ ಇಲ್ಲ. ನಂದು ಅಟ್ಲೀಸ್ಟ್ ಕೆಮ್ಮಿ ಹೇಳ್ತು!" ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಕರೆಂಟು ಪಕ್ಷದವರು ತಿರುಗಿ ಬಿದ್ದರು, ತಪ್ಪು ನೀರು ಹೊಡೆಸಿದ್ದರದೇ ಹೊರತು ಲಾಕರಿನದಲ್ಲ ಎಂದರು. ಹಾಗಾದರೆ ಕುಂಕುಮ ಹಚ್ಚಿದ್ದೂ ಕಂಪ್ರೆಸರ್ ತಪ್ಪಲ್ಲ ಎಂದು ಗಾಳಿ ಪಕ್ಷದವರು. ಯಾರ ಲಾಕರ್ ಹೆಚ್ಚು ಮರ್ಯಾದೆಯಿಂದ ಕೆಟ್ಟಿತು ಎಂಬ ಬಗ್ಗೆ ಚರ್ಚೆ. ಕೊನೆಗೆ ಅಧ್ಯಕ್ಷರು ತೀರ್ಪು ಕೊಟ್ಟರು. "ಒಂದ್ ಗಾಡೀನೂ ರೆಡಿ ಇಲ್ಲ. ಇಂಥವನ್ನ ಕಳಿಸಿದ್ರೆ ಕ್ಲಬ್ ಮಾನ ಹೋಗತ್ತೆ. ಈ ವರ್ಷ ನಾವ್ ಹೋಗೋದು ಬೇಡ."

"ಅಂಕಲ್, ನಾನು ಲಾಕರ್ ಇಲ್ದೇನೇ ಹತ್ತಿಸ್ದೆ" ಅಂದಳು ಮಗಳು. ಅವಳ ದನಿ ನಡುಗಲಿಲ್ಲ.

"ಅದು ಲಕ್ ಕಣಮ್ಮ" ಅಂದರು ಅವರು, ಪ್ರೀತಿಯಿಂದಲೇ, ಪ್ರಸಾದ ಕೊಡುವ ಹಾಗೆ.

ಅವಳು ಅಪ್ಪನ ಕಡೆ ತಿರುಗಿದಳು. ಹತ್ತಿಸಿದರೆ ಸೀಟು ನಿನ್ನದೇ ಎಂದು ತಲೆಯ ಮೇಲೆ ಕೈಯಿಟ್ಟವರು ಅಲ್ಲೇ ನಿಂತಿದ್ದರು. ಒಂದು ಮಾತು ಸಾಕಾಗಿತ್ತು. ಅವರು ಮುರಿದ ಪಿನ್ನನ್ನು ಬೆರಳಿನಲ್ಲಿ ಹೊರಳಿಸುತ್ತ, ತಮ್ಮ ಮಾನ ಎಲ್ಲಿ ಬಿದ್ದು ಹೋಯಿತು ಎಂದು ನೆಲದಲ್ಲಿ ಹುಡುಕುತ್ತಿದ್ದರು. ಅವಳು ಕಾಯಲಿಲ್ಲ. ಗಾಡಿ ಹತ್ತಿ, ಕನೆಕ್ಟರ್ ಕಳಚಿ ನೇತಾಡುತ್ತಿದ್ದ ಹಾಗೆಯೇ, ಸ್ವಿಚ್ಚನ್ನೂ ಒತ್ತದೆ, ಮತ್ತೆ ಆ ಏರಿಗೆ ಹೋದಳು. ಅದೇ ಬಂಡೆ, ಅದೇ ಹಳ್ಳ, ಅದೇ ಚಕ್ರ ಎದ್ದಿತು, ಅದೇ ರೀತಿ ಬಿಗಿಯಿತು. ಮೊದಲ ಸಲಕ್ಕಿಂತ ಸಲೀಸಾಗಿ ಹತ್ತಿ ತುದಿಯಲ್ಲಿ ನಿಂತಳು.

"ಇದೂ ಲಕ್ಕೇನ್ರೀ?" ಎಂದೆ ನಾನು, ಎಲ್ಲರಿಗೂ ಕೇಳುವಂತೆ, ಗಂಡನ ಮುಖ ನೋಡಿ.

ಯಜಮಾನರು ಅಧ್ಯಕ್ಷರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ, "ಎರಡನೇ ಸಲ ಅಲ್ವೇನೇ. ಜಾಡು ಬಿದ್ದಿತ್ತು. ಅದಕ್ಕೇ ಹತ್ತಿತು" ಅಂದರು. ಅಧ್ಯಕ್ಷರು ತಲೆಯಾಡಿಸಿ ಅವರ ಹೆಗಲ ಮೇಲೆ ಕೈ ಹಾಕಿದರು. ಅಷ್ಟು ದಿನದ ಮೇಲೆ ಎರಡು ಪಕ್ಷವೂ ಒಂದಾದದ್ದು ಆವತ್ತೇ. ಥೂ! ಮದುವೆಯಾದ ಮೇಲೆ ಎಷ್ಟೋ ಸಲ ಅವರ ಮೇಲೆ ಸಿಟ್ಟು ಬಂದಿದೆ, ಬಂದು ಹೋಗಿದೆ. ಆವತ್ತು ಬಂದದ್ದು ಸಿಟ್ಟಲ್ಲ, ಅಸಹ್ಯ. ಅದು ಇನ್ನೂ ಪೂರ್ತಿ ಹೋಗಿಲ್ಲ.

ಚಿತ್ರಾನ್ನದ ಡಬ್ಬಿಯನ್ನು ಅಲ್ಲೇ ಬಿಟ್ಟು, ಸೀರೆ ಎತ್ತಿ ಹಿಡಿದು, ಏರಿನ ಪಕ್ಕದ ಕಾಲುದಾರಿಯಲ್ಲಿ ನಾನು ಮೇಲೆ ಹತ್ತಿದೆ. ಮಗಳು ಇಂಜಿನ್ ಆರಿಸಿ ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತಿದ್ದಳು. ಅಷ್ಟೆತ್ತರಕ್ಕೆ ಕೆಳಗಿನವರ ಮಾತು ಕೇಳುವುದಿಲ್ಲ.

"ಎಲ್ರೂ ನೋಡಿದ್ರಾ ಅಮ್ಮ?"

"ನೋಡಿದ್ರು."

"ಅಪ್ಪ ಏನಂದ್ರು?"

ಅಪ್ಪನ ಪರವಾಗಿ ಅವಳಿಗೆ ಎಷ್ಟು ಸಲ ತೇಪೆ ಹಾಕಿ ಹೇಳಿದ್ದೇನೋ. ನಿಮ್ಮಪ್ಪನ ಮನಸ್ಸು ಒಳ್ಳೇದು ಕಣೇ, ಹೇಳೋಕೆ ಬರಲ್ಲ ಅಷ್ಟೇ, ಎಂದು. ಆ ಹೊತ್ತಿಗೂ ಅದು ನಾಲಿಗೆ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

"ಜಾಡು ಬಿದ್ದಿತ್ತು, ಅದಕ್ಕೆ ಹತ್ತಿತು ಅಂದ್ರು."

ಅವಳು ಸ್ಟೀರಿಂಗ್ ಮೇಲಿಂದ ಕೈ ತೆಗೆದಳು. ಆಮೇಲೆ ತನ್ನ ಬ್ಯಾಗು, ನೀರಿನ ಬಾಟಲಿ ತೆಗೆದುಕೊಂಡು ಇಳಿದು, ಮೆಲ್ಲಗೆ ಬಾಗಿಲು ಹಾಕಿದಳು. ಹಿಂದಿನ ಮಣ್ಣುದಾರಿಯಲ್ಲಿ ನಡೆದರೆ ಹೈವೇ, ಅಲ್ಲಿ ಯಲಹಂಕದ ಬಸ್ಸು ಸಿಗುತ್ತದೆ.

"ನಡಿ ಅಮ್ಮ, ಹೋಗೋಣ" ಅಂದಳು. "ಕೀ ಗಾಡೀಲೇ ಇದೆ, ಅಪ್ಪಂಗೆ ಫೋನ್ ಮಾಡಿ ಹೇಳು. ಜಾಡು ಬಿದ್ದಿದೆಯಲ್ಲ, ಹತ್ಕೊಂಡ್ ಬಂದು ತಗೊಂಡ್ ಹೋಗ್ಲಿ."